ಸಂಪಾದಕರ ಉತ್ತರ: ಏಪ್ರಿಲ್ 11 ನಿಮ್ಮ ಮನೆಗೂ ಸೇರಿದ್ದು

ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಕಾಗದದ ತಿರುಳು ಇಷ್ಟು: "ಏಪ್ರಿಲ್ ಸಂಚಿಕೆಯಲ್ಲಿ 11ನೇ ತಾರೀಖಿನ ಸುರಕ್ಷಿತ ತಾಯ್ತನ ದಿನಕ್ಕೆ ಆರು ಪುಟ ಕೊಟ್ಟಿದ್ದೀರಿ. ಸಂತೋಷ. ಅದೇ ದಿನ ವಿಶ್ವ ಪಾರ್ಕಿನ್ಸನ್ ದಿನವೂ ಇದೆ. ಅದಕ್ಕೆ ಒಂದು ಸಾಲೂ ಇಲ್ಲ. ನಮ್ಮ ಯಜಮಾನರಿಗೆ ಈ ಕಾಯಿಲೆ ಬಂದು ಆರು ವರ್ಷ ಆಯಿತು. ಆ ದಿನ ನಮ್ಮ ಮನೆಗೂ ಸೇರಿದ್ದಲ್ವಾ?"

ಅಮ್ಮಾ,

ಸೇರಿದ್ದೇ. ತಪ್ಪು ನಮ್ಮದು. ಏಪ್ರಿಲ್ ಸಂಚಿಕೆಯ ಕೆಲಸಕ್ಕೆ ನಾವು ಫೆಬ್ರುವರಿಯಲ್ಲೇ ಕೂರುತ್ತೇವೆ. ಎದುರಿಗೆ ದಿನಾಚರಣೆಗಳ ಪಟ್ಟಿ ಇರುತ್ತದೆ. ಒಂದು ತಾರೀಖಿಗೆ ಒಂದು ವಿಷಯ ಸಿಕ್ಕಿತೆಂದರೆ ಮುಂದಿನ ತಾರೀಖಿಗೆ ಹೋಗಿಬಿಡುತ್ತೇವೆ. ಸರ್ಕಾರ ಪೋಸ್ಟರ್ ಹಾಕಿಸುವ ದಿನ ಬೇಗ ಕಣ್ಣಿಗೆ ಬೀಳುತ್ತದೆ. ಅದರ ಕೆಳಗಿನ ಸಾಲನ್ನು ಯಾರೂ ಓದಲಿಲ್ಲ. ನಾನೂ ಓದಲಿಲ್ಲ.

"ಬೇರೆ ತಾರೀಖೇ ಸಿಗಲಿಲ್ಲವೇ ಇವರಿಗೆ?" ಎಂದೂ ಕೇಳಿದ್ದೀರಿ. ಎರಡೂ ಹುಟ್ಟುಹಬ್ಬಗಳು, ಅದಕ್ಕೇ ಹೀಗಾಗಿದೆ. ಕಸ್ತೂರ್‌ಬಾ ಪೋರಬಂದರಿನಲ್ಲಿ ಹುಟ್ಟಿದ್ದು 1869ರ ಏಪ್ರಿಲ್ 11ರಂದು. ವೈಟ್ ರಿಬ್ಬನ್ ಅಲೈಯನ್ಸ್ ಎಂಬ ಸಂಸ್ಥೆಗಳ ಒಕ್ಕೂಟ ಕೇಳಿಕೊಂಡ ಮೇಲೆ 2003ರಲ್ಲಿ ಕೇಂದ್ರ ಸರ್ಕಾರ ಅವರು ಹುಟ್ಟಿದ ದಿನವನ್ನೇ ರಾಷ್ಟ್ರೀಯ ಸುರಕ್ಷಿತ ತಾಯ್ತನ ದಿನ ಎಂದು ಸಾರಿತು. ಬಾ ಅವರ ಮೊದಲ ಮಗು ಕೆಲವೇ ದಿನ ಬದುಕಿತ್ತು. ಆಗ ಅವರಿಗೆ ಇನ್ನೂ ಹದಿನಾರರ ಆಸುಪಾಸು. ಇದು ನೆನಪಾದಾಗಲೆಲ್ಲ ಆ ದಿನಕ್ಕೆ ಅವರ ಹೆಸರು ಸರಿಯಾಗಿಯೇ ಒಪ್ಪುತ್ತದೆ ಅನಿಸುತ್ತದೆ ನನಗೆ.

ಇನ್ನೊಬ್ಬರು ಜೇಮ್ಸ್ ಪಾರ್ಕಿನ್ಸನ್. ಲಂಡನ್ನಿನ ಹಾಕ್ಸ್‌ಟನ್‌ನಲ್ಲಿ 1755ರ ಏಪ್ರಿಲ್ 11ರಂದು ಹುಟ್ಟಿದ ವೈದ್ಯ. ಕೈ ನಡುಗುವ, ಬೆನ್ನು ಬಾಗುವ, ಹೆಜ್ಜೆ ಚಿಕ್ಕದಾಗುವ ಆರು ಜನರನ್ನು ಗಮನಿಸಿ 1817ರಲ್ಲಿ ಒಂದು ಪುಟ್ಟ ಪುಸ್ತಕ ಬರೆದರು. ಆ ಆರು ಜನರಲ್ಲಿ ಎಲ್ಲರೂ ಅವರ ರೋಗಿಗಳಲ್ಲ. ಕೆಲವರನ್ನು ಅವರು ಬೀದಿಯಲ್ಲಿ ನೋಡಿದ್ದಷ್ಟೇ. ಬೀದಿಯಲ್ಲಿ ಹೋಗುವ ಮುದುಕರನ್ನು ಆ ಕಾಲದಲ್ಲಿ ಎಷ್ಟು ಸಾವಿರ ಜನ ನೋಡಿರಬೇಕು! ನಿಂತು ನೋಡಿದವರು ಇವರು. ಕಾಯಿಲೆಗೆ ಅವರ ಹೆಸರು ಬಂದದ್ದು ಎಷ್ಟೋ ವರ್ಷಗಳ ಮೇಲೆ, ಫ್ರಾನ್ಸಿನ ಶಾರ್ಕೋ ಎಂಬ ವೈದ್ಯರಿಂದ.

ನಮ್ಮ ಪತ್ರಿಕೆಗೆ ಬಹಳ ವರ್ಷ ಬರೆದ ಹಿರಿಯರೊಬ್ಬರ ವಿಷಯ ಹೇಳಬೇಕು. ಕೈಬರಹದಲ್ಲೇ ಲೇಖನ ಕಳಿಸುತ್ತಿದ್ದರು. ಮುತ್ತು ಪೋಣಿಸಿದಂಥ ಅಕ್ಷರ. ಒಂದು ವರ್ಷ ಆ ಅಕ್ಷರ ಸಣ್ಣದಾಗತೊಡಗಿತು. ಸಾಲಿನ ಶುರುವಿನಲ್ಲಿ ಚೆನ್ನಾಗಿಯೇ ಇರುತ್ತಿತ್ತು, ಕೊನೆಗೆ ಬರುವಾಗ ಸಾಸಿವೆ ಕಾಳಿನಷ್ಟು. ನಾನೇ ಫೋನ್ ಮಾಡಿ, "ಸ್ವಲ್ಪ ದೊಡ್ಡದಾಗಿ ಬರೀರಿ ಸಾರ್" ಎಂದೆ. "ಬರೀತಾ ಇದ್ದೀನಲ್ಲಪ್ಪ" ಎಂದರು. ಅವರು ಸುಳ್ಳು ಹೇಳಲಿಲ್ಲ. ದೊಡ್ಡದಾಗಿಯೇ ಬರೆಯುತ್ತಿದ್ದೇನೆ ಎಂದು ಅವರಿಗೆ ಅನಿಸುತ್ತಿತ್ತು. ದನಿಯೂ ಇಳಿದಿತ್ತು. ಫೋನಿನ ಲೈನ್ ಸರಿಯಿಲ್ಲ ಅಂದುಕೊಂಡೆ. ಪಾರ್ಕಿನ್ಸನ್ ಎಂದು ಗೊತ್ತಾದದ್ದು ಎರಡು ವರ್ಷದ ಮೇಲೆ. ಅಷ್ಟೂ ದಿನ ಕಾಯಿಲೆಯ ಗುರುತು ತಿಂಗಳಿಗೊಮ್ಮೆ ಅಂಚೆಯಲ್ಲಿ ನನ್ನ ಮೇಜಿಗೆ ಬರುತ್ತಿತ್ತು. ನಿಮ್ಮ ಯಜಮಾನರೂ ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲ ಎಂದು ವಾಪಸ್ ಬಂದರು, ಎಲ್ಲ ಶುರುವಾದದ್ದೇ ಅಲ್ಲಿಂದ ಎಂದು ಬರೆದಿದ್ದೀರಿ. ಆ ಸಾಲು ಓದಿ ತುಂಬ ಹೊತ್ತು ಸುಮ್ನೆ ಕೂತಿದ್ದೆ.

ಕೈ ನಡುಗಿದರೆ ಮಾತ್ರ ಪಾರ್ಕಿನ್ಸನ್ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಎಷ್ಟೋ ಜನರಿಗೆ ನಡುಕ ಇರುವುದೇ ಇಲ್ಲ. ಮೈ ಬಿಗಿಯುತ್ತದೆ, ಅಂಗಿ ಗುಂಡಿ ಹಾಕಲು ಹತ್ತು ನಿಮಿಷ ಹಿಡಿಯುತ್ತದೆ, ಮುಖದಲ್ಲಿ ನಗು ಕಾಣುವುದಿಲ್ಲ. ಇದಕ್ಕೂ ಎಷ್ಟೋ ಮೊದಲೇ ವಾಸನೆ ತಿಳಿಯದೆ ಹೋಗಬಹುದು, ಮಲಬದ್ಧತೆ ಬರಬಹುದು, ನಿದ್ದೆಯಲ್ಲಿ ಕೂಗಿ ಕೈಕಾಲು ಬೀಸುವುದು ಶುರುವಾಗಬಹುದು. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಸಾಯುತ್ತಾ ಬರುವುದರಿಂದ ನಡಿಗೆ, ಬರಹ, ಮಾತು ಎಲ್ಲ ನಿಧಾನವಾಗುತ್ತದೆ. ಮನೆಯವರು ಏನನ್ನುತ್ತಾರೆ? "ವಯಸ್ಸಾಯ್ತಲ್ಲ, ಅದೆಲ್ಲ ಇದ್ದದ್ದೇ."

ನಮ್ಮ ತಾಯ್ತನದ ಲೇಖನದಲ್ಲೂ ಇದೇ ಮಾತು ಇತ್ತು. ಬಸುರಿಯ ಮುಖ ಕೈ ಊದಿದೆ, ತಲೆ ಸಿಡಿಯುತ್ತಿದೆ, ಕಣ್ಣು ಮಂಜು ಎನ್ನುತ್ತಾಳೆ. ಬಿ.ಪಿ. ಏರಿರುವ ಗುರುತು ಅದು, ಆಗಿಂದಾಗಲೇ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ, "ಬಸುರಿ ಅಂದಮೇಲೆ ಇದ್ದದ್ದೇ" ಎನ್ನುತ್ತಾರೆ. ಹೆರಿಗೆಯ ನಂತರ ರಕ್ತ ನಿಲ್ಲದಿದ್ದಾಗಲೂ ಅದೇ ಮಾತು. ಈ ಎರಡು ದಿನಗಳು ಒಂದೇ ತಾರೀಖಿಗೆ ಬಂದದ್ದು ಆಕಸ್ಮಿಕ. ಆದರೆ ಈ "ಇದ್ದದ್ದೇ" ಎರಡು ಮನೆಗಳಲ್ಲೂ ಒಂದೇ. ನಿಮ್ಮ ಕಾಗದ ಬರುವ ತನಕ ನನಗೆ ಇದು ಹೊಳೆದಿರಲಿಲ್ಲ.

ಹಾಗೆಂದು ತಾಯ್ತನದ ಪುಟಗಳನ್ನು ಕಡಿಮೆ ಮಾಡಬೇಕಿತ್ತು ಎಂದು ನಾನು ಹೇಳಲಾರೆ. 2018-20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಹೆರಿಗೆಗೆ 69 ತಾಯಂದಿರ ಸಾವು. 2004-06ರಲ್ಲಿ ಇದು 213 ಇತ್ತು. ಆಶಾ ಕಾರ್ಯಕರ್ತೆಯರು, ತಾಯಿ ಕಾರ್ಡು, 108 ಆಂಬುಲೆನ್ಸು ಇವರೆಲ್ಲರ ದುಡಿಮೆ ಇದರಲ್ಲಿದೆ. ಆದರೂ ಅದೇ ಲೆಕ್ಕದಲ್ಲಿ ಕೇರಳದ್ದು 19, ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡದ್ದನ್ನು ಮರೆಯೋಕಾಗುತ್ತಾ? ಆ ಆರು ಪುಟ ಬೇಕಿತ್ತು. ಅದರ ಜೊತೆಗೆ ನಿಮ್ಮದೂ ಬೇಕಿತ್ತು.

ಏಪ್ರಿಲ್ 11 ಜ್ಯೋತಿಬಾ ಫುಲೆ ಹುಟ್ಟಿದ ದಿನ ಕೂಡ. ಬಸುರಾದ ವಿಧವೆಯರು ಜೀವಭಯವಿಲ್ಲದೆ ಹೆರಲಿ ಎಂದು ಅವರೂ ಸಾವಿತ್ರಿಬಾಯಿಯೂ 1863ರಲ್ಲಿ ಪುಣೆಯಲ್ಲಿ ಒಂದು ಆಸರೆಮನೆ ತೆರೆದರು. 1888ರಲ್ಲಿ ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ ಎಡಗೈಯಲ್ಲಿ ಬರೆದು ತಮ್ಮ ಕೊನೆಯ ಪುಸ್ತಕ ಮುಗಿಸಿದರು. ಹೆರಿಗೆಮನೆಯ ಚಿಂತೆಯೂ, ಮಾತು ಕೇಳದ ಕೈಯೂ ಒಬ್ಬರ ಬಾಳಿನಲ್ಲೇ ಇದ್ದವು. ನಾವು ಒಂದು ಸಂಚಿಕೆಯಲ್ಲಿ ಎರಡನ್ನೂ ಇಡಬಹುದಿತ್ತು.

ಒಂದು ಕಚೇರಿಯಲ್ಲಿ, "ಈ ಕಾಯಿಲೆಗೆ ಅಂಗವಿಕಲರ ಕಾರ್ಡ್ ಕೊಡೋದಿಲ್ಲ" ಎಂದು ನಿಮ್ಮನ್ನು ವಾಪಸ್ ಕಳಿಸಿದರಂತೆ. ಅದು ಸರಿಯಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ಪಾರ್ಕಿನ್ಸನ್ ಹೆಸರು ಸ್ಪಷ್ಟವಾಗಿಯೇ ಇದೆ. ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ. ಹೆಚ್ಚಿನ ಸವಲತ್ತುಗಳಿಗೆ ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಎಂದು ಪ್ರಮಾಣಪತ್ರದಲ್ಲಿ ಬರಬೇಕು. ನಿಮ್ಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರು ಇದ್ದರೆ ಅವರನ್ನು ಕೇಳಿ, ಅರ್ಜಿಗೆ ಸಹಾಯ ಮಾಡುತ್ತಾರೆ.

ಯಾರೋ ನಸುಗುನ್ನಿ ಬೀಜದ ಪುಡಿ ಕೊಡಿ ಎಂದಿದ್ದಾರೆ, ಕೊಡಲೇ ಎಂದು ಕೇಳಿದ್ದೀರಿ. ಆ ಬೀಜದಲ್ಲಿ ಲೆವೊಡೋಪ, ಅಂದರೆ ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ವಸ್ತು, ಇರುವುದು ನಿಜ. ನಿಮ್ಮ ಯಜಮಾನರು ನುಂಗುತ್ತಿರುವ ಮಾತ್ರೆಯಲ್ಲಿ ಇರುವುದೂ ಅದೇ. ಎರಡೂ ಸೇರಿದರೆ ಅಳತೆ ತಪ್ಪುತ್ತದೆ. ಅವರನ್ನು ನೋಡುವ ಡಾಕ್ಟರನ್ನು ಕೇಳದೆ ದಯವಿಟ್ಟು ಕೊಡಬೇಡಿ. ಊರಲ್ಲಿ ನರರೋಗ ತಜ್ಞರು ಇಲ್ಲದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಇನ್ನು ಮಧ್ಯಾಹ್ನದ ಮಾತ್ರೆ ಹಿಡಿಯುವುದೇ ಇಲ್ಲ ಎಂದಿದ್ದೀರಿ. ಊಟದ ಜೊತೆ ಕೊಡುತ್ತಿದ್ದೀರಾ? ಬೇಳೆ, ಮೊಸರು, ಮೊಟ್ಟೆಯ ಪ್ರೋಟೀನ್ ಈ ಔಷಧಿಗೆ ಅಡ್ಡ ಬರಬಹುದು. ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವುದು ಸಾಮಾನ್ಯ ಪದ್ಧತಿ. ಮುಂದಿನ ಸಲ ಹೋಗುವಾಗ ಒಂದು ವಾರದ ಲೆಕ್ಕ ಬರೆದುಕೊಂಡು ಹೋಗಿ: ಮಾತ್ರೆ ಎಷ್ಟು ಗಂಟೆಗೆ, ಊಟ ಎಷ್ಟಕ್ಕೆ, ಮೈ ಸಡಿಲವಾದದ್ದು ಯಾವಾಗ, ಮತ್ತೆ ಬಿಗಿದದ್ದು ಯಾವಾಗ. ಡಾಕ್ಟರಿಗೆ ಅದು ತುಂಬ ಉಪಯೋಗಕ್ಕೆ ಬರುತ್ತದೆ. ಅದರ ಒಂದು ಪ್ರತಿ ನಮಗೂ ಕಳಿಸಿ. ಪಾರ್ಕಿನ್ಸನ್ ಬಗ್ಗೆ ಆರು ಪುಟ ತೆಗೆದಿಟ್ಟಿದ್ದೇವೆ, ಬರುವ ಏಪ್ರಿಲ್‌ವರೆಗೆ ಕಾಯುವುದಿಲ್ಲ, ಜುಲೈ ಸಂಚಿಕೆಗೇ ಹಾಕುತ್ತೇವೆ. ನಿಮ್ಮ ಆ ಒಂದು ವಾರದಿಂದಲೇ ಲೇಖನ ಶುರು ಮಾಡಬೇಕು ಎಂದು ನನ್ನ ಆಸೆ.

- ಸಂ.