ಬೋಳು ಕತ್ತಿನ ಮರಿಗೆ ರೋಗವಿಲ್ಲ

ಪ್ರಶ್ನೆ: ಡಾಕ್ಟ್ರೇ, ನಮ್ಮ ಕೆಂಚು ಹೇಂಟೆ ಕಾವಿಗೆ ಕೂತು ಮರಿ ಮಾಡಿದೆ. ಎರಡು ಮರಿಗಳ ಕತ್ತಿನ ಮೇಲೆ ಪುಕ್ಕವೇ ಇಲ್ಲ. ಇನ್ನೊಂದರ ಪುಕ್ಕ ಹಿಂದಕ್ಕೆ ಸುರುಳಿ ಸುತ್ತಿಕೊಳ್ಳುತ್ತಿದೆ. ನಮ್ಮ ಕೋಳಿಗಳಲ್ಲಿ ಯಾವುದೂ ಹೀಗಿಲ್ಲ. ‘ರೋಗ ಇದು, ಮನೆಗೆ ಒಳ್ಳೇದಲ್ಲ, ತೆಗೆದುಬಿಡು’ ಅಂತಾರೆ ನಮ್ಮತ್ತೆ. ಏನು ಮಾಡಲಿ?
– ಓದುಗರು, ಅರಸೀಕೆರೆ

ಉತ್ತರ: ದಯವಿಟ್ಟು ತೆಗೆಯಬೇಡಿ ತಾಯಿ. ಮೊದಲು ಒಂದು ಮರಿಯನ್ನು ಹಿಡಿದು ಕತ್ತನ್ನು ಬೆಳಕಿಗೆ ತಿರುಗಿಸಿ ನೋಡಿ. ಗಾಯ, ಹಕ್ಕಳೆ, ಮುರಿದ ಪುಕ್ಕದ ಮೊಂಡು ಕಡ್ಡಿ, ಹೇನು ಕಂಡರೆ ಅದಕ್ಕೆ ಔಷಧಿ ಬೇಕು. ಹುಟ್ಟಿದಾಗಿನಿಂದ ಬೋಳಾಗಿದ್ದು ಚರ್ಮ ನುಣ್ಣಗಿದ್ದರೆ ಅದು ವಂಶದ ಗುಣ, ಅಷ್ಟೇ.

ಈಗ ಕತ್ತಿನ ಮುಂಭಾಗ ನೋಡಿ. ಅಲ್ಲೊಂದು ಪುಟ್ಟ ಪುಕ್ಕದ ಗೊಂಚಲು ಇರಬೇಕಲ್ವಾ? ಇದ್ದರೆ ಈ ಗುಣ ತಂದೆ ತಾಯಿಯಲ್ಲಿ ಒಬ್ಬರಿಂದ ಮಾತ್ರ ಬಂದಿದೆ. ಒಬ್ಬರಿಂದ ಬಂದರೂ ಸಾಕು, ಕತ್ತು ಬೋಳಾಗುತ್ತದೆ. ನಿಮ್ಮ ಹೇಂಟೆಗೆ ಕತ್ತಿನ ತುಂಬ ಪುಕ್ಕವಿದೆ. ಹಾಗಾಗಿ ಪಕ್ಕದ ಬೀದಿಯಲ್ಲೋ ತೋಟದಲ್ಲೋ ಒಂದು ಬೋಳು ಕತ್ತಿನ ಹುಂಜ ಇದ್ದೇ ಇರುತ್ತದೆ, ವಿಚಾರಿಸಿ. ಹುಂಜ ಕಣ್ಣಿಗೆ ಬೀಳದೆ ವಾರ ಕಳೆದಿದ್ದರೂ ಹೇಂಟೆ ಮರಿಯಾಗುವ ಮೊಟ್ಟೆ ಇಡುತ್ತದೆ.

ಇಂಥ ಕೋಳಿಗೆ ಮೈಮೇಲಿನ ಪುಕ್ಕವೂ ಸುಮಾರು ಶೇ. 20ರಷ್ಟು ಕಡಿಮೆ. ಇಬ್ಬರಿಂದಲೂ ಗುಣ ಬಂದಿದ್ದರೆ ಶೇ. 40ರಷ್ಟು. ಮೈ ಬಿಸಿ ಬೇಗ ಹೊರಗೆ ಹೋಗುತ್ತದೆ. ನಿಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಕೋಳಿ ಬೇಕಾ? ಚಳಿಗಾಲದಲ್ಲಿ ಮಾತ್ರ ಗೂಡು ಬೆಚ್ಚಗಿರಲಿ.

ಸುರುಳಿ ಪುಕ್ಕದ್ದೂ ಹುಟ್ಟುಗುಣವೇ. ಅದಕ್ಕೆ ಸರಿಯಾಗಿ ಹಾರಲಾಗದು, ಮಳೆಯಲ್ಲಿ ಬೇಗ ತೊಯ್ದು ಹೋಗುತ್ತದೆ. ಸುರುಳಿಗೆ ಸುರುಳಿಯನ್ನೇ ಜೋಡಿ ಮಾಡಬೇಡಿ. ಕೆಲವು ಮರಿಗಳ ಪುಕ್ಕ ಪುಡಿಪುಡಿಯಾಗಿ ಉದುರುತ್ತದೆ.

ಪಶು ಆಸ್ಪತ್ರೆಯ ಕೆಲಸದಲ್ಲಿ ಹಳ್ಳಿ ಹಳ್ಳಿ ಸುತ್ತಿದವನು ನಾನು. ಒಂದೇ ಅಂಗಳದಲ್ಲಿ ಗರಗಸದಂಥ ಜುಟ್ಟು, ಒತ್ತಿಕೊಂಡ ಗಿಡ್ಡ ಜುಟ್ಟು, ಕಪ್ಪು ಕಾಲು, ಹಳದಿ ಕಾಲು ಎಲ್ಲ ನೋಡಿದ್ದೇನೆ. ಊರುಕೋಳಿಯ ಮೂಲ ಕೆಂಪು ಕಾಡುಕೋಳಿ. ಆದರೆ ಕಾಲಿನ ಆ ಹಳದಿ ಬಂದದ್ದು ನಮ್ಮ ಪಶ್ಚಿಮಘಟ್ಟದಲ್ಲೂ ಕೂಗುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ತುಳುನಾಡಿನಲ್ಲಂತೂ ಬೊಳ್ಳೆ, ಕೆಮ್ಮೈರೆ ಅಂತ ಹುಂಜದ ಬಣ್ಣಕ್ಕೊಂದು ಹೆಸರು. ಕಂದು ಚುಕ್ಕೆಯ ಹೇಂಟೆ ಒಣಎಲೆಯ ಮೇಲೆ ಕೂತರೆ ಹದ್ದಿನ ಕಣ್ಣಿಗೂ ಸುಲಭಕ್ಕೆ ಬೀಳದು. ಈ ವೈವಿಧ್ಯವೇ ನಾಟಿ ಕೋಳಿಯ ಆಸ್ತಿ. ಕಣ್ಣಿಗೆ ಬೇರೆ ಕಂಡದ್ದನ್ನೆಲ್ಲ ತೆಗೆಯುತ್ತಾ ಹೋದರೆ ಉಳಿಯುವುದೇನು? ನಿಮ್ಮತ್ತೆಯವರಿಗೂ ಇದನ್ನು ಓದಿ ಹೇಳಿ. ಹುಂಜವನ್ನು ಮಾತ್ರ ಆಗಾಗ ಬೇರೆ ಊರಿನಿಂದ ತನ್ನಿ. ಒಂದೇ ರಕ್ತ ಕೂಡುತ್ತಾ ಹೋದರೆ ಮರಿಗಳು ಸೊರಗುತ್ತವೆ.

ಪ್ರಶ್ನೆ: ಅಂಗಡಿಯವರು ಬಣ್ಣಬಣ್ಣದ ಕೋಳಿ ತೋರಿಸಿ ‘ನಾಟಿ’ ಅಂತಾರೆ. ನಂಬಬಹುದಾ?
– ಓದುಗರು, ಬೆಂಗಳೂರು

ಉತ್ತರ: ಸುಮ್ನೆ ಬಣ್ಣ ನೋಡಿ ನಂಬಬೇಡಿ. ಗಿರಿರಾಜ, ಸ್ವರ್ಣಧಾರಾ ಕೂಡ ಬಣ್ಣದ ಕೋಳಿಗಳೇ. ಬೆಂಗಳೂರಿನಲ್ಲೇ ರೂಪುಗೊಂಡ ಒಳ್ಳೆಯ ತಳಿಗಳು, ಆದರೆ ನಾಟಿಯ ಬೆಲೆ ಕೊಡಬೇಕಿಲ್ಲ. ಕೈಯಲ್ಲಿ ಎತ್ತಿ ನೋಡಿ. ನಾಟಿಯ ಮೈ ಹಗುರ, ಕಾಲು ಸಣ್ಣ, ಎದೆಯ ಮಾಂಸ ಕಡಿಮೆ. ಕಾಲು ಕಪ್ಪಗಿದೆ ಎಂದು ಮೈಯೆಲ್ಲ ಕಪ್ಪಗಿರುವ ಕಡಕ್‌ನಾಥ್ ತಳಿಯ ಬೆಲೆ ಕೇಳಿದರೆ ಕೊಕ್ಕು ಬಿಡಿಸಿ ನಾಲಿಗೆ ನೋಡಿ. ಅದೂ ಕಪ್ಪಗಿರಬೇಕು.