ಅಜ್ಜಿಯ ‘ಬೆಲ್ಜಿಯಂ’ ಗ್ಲಾಸುಗಳು

ಪತ್ರ: ಕಾಪು ಹತ್ತಿರದ ಅಜ್ಜಿ ಮನೆ ಕೆಡವುವಾಗ ಅಟ್ಟದ ಪೆಟ್ಟಿಗೆಯಲ್ಲಿ ಗಾಜಿನ ಸಾಮಾನು ಸಿಕ್ಕಿತು. ಮಿರಮಿರ ಹೊಳೆಯುವ ಆರು ಕಿತ್ತಳೆ ಬಣ್ಣದ ಗ್ಲಾಸುಗಳು, ಬಿರಡೆ ಇರುವ ಒಂದು ಸೀಸೆ, ಹಳದಿ-ಹಸಿರು ಬಟ್ಟಲು. ಎಲ್ಲ ಬೆಲ್ಜಿಯಂನದ್ದು ಎಂದು ಅಜ್ಜಿ ಹೇಳುತ್ತಿದ್ದರು. ಗ್ಲಾಸಿನ ತಳದಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರಗಳಿವೆ. ಫೋಟೋ ಕಳಿಸಿದ್ದೇನೆ. ಗುಜರಿಯವರು ಕೇಳುತ್ತಿದ್ದಾರೆ, ಕೊಡಬಹುದೇ?
– ಓದುಗರು, ಉಡುಪಿ

ಉತ್ತರ: ಸದ್ಯಕ್ಕೆ ಕೊಡಬೇಡಿ.

ನಮ್ಮ ಕರಾವಳಿಯಲ್ಲಿ ಚಾವಡಿಯ ಕನ್ನಡಿಯಿಂದ ತೂಗುದೀಪದವರೆಗೆ ಚಂದದ ಹಳೆ ಗಾಜೆಲ್ಲ ಬೆಲ್ಜಿಯಮ್ಮೇ. ಅಜ್ಜಿಯಂದಿರು ಗಾಜನ್ನು ಹೊಗಳುತ್ತಿದ್ದದ್ದೇ ಹಾಗೆ. ಆದರೆ ನಿಮ್ಮ ಗ್ಲಾಸಿನ ತಳ ಬೇರೆ ಕತೆ ಹೇಳುತ್ತಿದೆ. ಜೆ, ಎ, ಐ, ಎನ್. ಜೈನ್! ಬಳೆಗಳ ಊರು ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್‌ನವರ ಗುರುತು ಅದು. ಬೇಸರವಾಯ್ತಾ? ಆಗಬೇಕಿಲ್ಲ. ಇದಕ್ಕೆ ಕಾರ್ನಿವಲ್ ಗ್ಲಾಸ್ ಅನ್ನುತ್ತಾರೆ. ಬಿಸಿ ಗಾಜಿನ ಮೇಲೆ ಲೋಹದ ಲವಣ ಸಿಂಪಡಿಸಿ ಈ ಹೊಳಪು ತರಿಸುತ್ತಿದ್ದರು. ಅಮೆರಿಕದ ಫೆಂಟನ್ ಕಂಪನಿ 1907ರಲ್ಲಿ ಶುರುಮಾಡಿದ ಬಗೆ. ಭಾರತದಲ್ಲಿ ಮಾಡಿದ ಇಂಥ ಗ್ಲಾಸುಗಳನ್ನು ವಿದೇಶಗಳಲ್ಲೂ ಹುಡುಕಿ ಕೂಡಿಡುವವರಿದ್ದಾರೆ. ಆರಕ್ಕೆ ಆರೂ ಉಳಿದಿರುವುದು ದೊಡ್ಡ ಮಾತು. ಅಂಚಿನ ಸುತ್ತ ಬೆರಳಾಡಿಸಿ ನೋಡಿ, ಚೂರು ಹಾರಿದ್ದರೆ ಬೆಲೆ ಇಳಿಯುತ್ತದೆ.

ಸೀಸೆಯ ವಿಷಯ ಫೋಟೋದಲ್ಲಿ ತೀರ್ಮಾನವಾಗುವುದಿಲ್ಲ, ಕೈಯೇ ಬೇಕು. ಚಿತ್ತಾರದ ಅಂಚು ಬೆರಳಿಗೆ ಚೂಪಾಗಿ ತಾಗಿದರೆ ಚಕ್ರದಲ್ಲಿ ಕೊರೆದದ್ದು. ಮೊಂಡಾಗಿದ್ದು, ಪಕ್ಕದಲ್ಲಿ ಮೇಲಿಂದ ಕೆಳಗೆ ಸಣ್ಣ ಗೆರೆ ಸಿಕ್ಕಿದರೆ ಅಚ್ಚಿನಲ್ಲಿ ಒತ್ತಿದ್ದು. ತಳದ ನಡುವೆ ಒರಟು ಕಲೆಯೋ ಉಜ್ಜಿ ನಯಮಾಡಿದ ಗುಳಿಯೋ ಇದ್ದರೆ, ಊದಿ ಮಾಡಿದವರು ಕಬ್ಬಿಣದ ಸರಳಿನಿಂದ ಬಿಡಿಸಿದ ಜಾಗ ಅದು. ಮೇಜಿಗೆ ತಾಗುವ ಕಡೆ ಗೀರುಗಳೂ ಇರಬೇಕು, ಅಡ್ಡಾದಿಡ್ಡಿಯಾಗಿ. ಎಲ್ಲ ಒಂದೇ ದಿಕ್ಕಿಗಿದ್ದರೆ ಯಾರೋ ಮರಳು ಕಾಗದದಲ್ಲಿ ಉಜ್ಜಿ ‘ಹಳೆಯದು’ ಮಾಡಿರುತ್ತಾರೆ. ನಿಮ್ಮ ಅಟ್ಟದ ಪೆಟ್ಟಿಗೆಗೆ ಆ ಭಯವಿಲ್ಲ ಬಿಡಿ. ಇನ್ನೊಂದು, ಬಿರಡೆಯ ಕಾಲಿನಲ್ಲೂ ಸೀಸೆಯ ಬಾಯಲ್ಲೂ ನಂಬರ್ ಗೀಚಿದೆಯಾ ನೋಡಿ. ಎರಡೂ ಒಂದೇ ಆಗಿದ್ದರೆ ಹುಟ್ಟಿನಿಂದಲೇ ಜೋಡಿ.

ಬಟ್ಟಲನ್ನು ಕತ್ತಲೆ ಕೋಣೆಗೆ ಒಯ್ದು, ಕಳ್ಳನೋಟು ಪತ್ತೆಮಾಡುವ ನೇರಳೆ ಟಾರ್ಚ್ ಹಾಕಿ. ಗಾಢ ಹಸಿರಾಗಿ ಬೆಳಗಿದರೆ ಯುರೇನಿಯಂ ಬೆರೆಸಿದ ಗಾಜು. ಹೆದರಬೇಡಿ, ಶೋಕೇಸಿನಲ್ಲಿಟ್ಟರೆ ತೊಂದರೆಯಿಲ್ಲ. ಪಾಯಸ ಮಾತ್ರ ಅದರಲ್ಲಿ ಬೇಡ.

ತೊಳೆಯುವಾಗ ಸ್ಕ್ರಬ್ಬರ್, ಬೂದಿ, ಹುಣಸೆಹುಳಿ ಯಾವುದೂ ಬೇಡ. ಗ್ಲಾಸಿನ ಆ ಹೊಳಪು ತೆಳ್ಳಗಿನ ಪದರ, ಉಜ್ಜಿದರೆ ಹೋಯ್ತು. ಉಗುರುಬೆಚ್ಚಗಿನ ನೀರು ಸಾಕು. ಸೀಸೆಯ ಒಳಗೆ ತೇವ ಉಳಿಸಿ ಬಿರಡೆ ಹಾಕಬೇಡಿ. ನಮ್ಮ ಮಳೆಗಾಲ ಗೊತ್ತಲ್ವಾ? ನಮ್ಮ ಮನೆಯ ಸೀಸೆಯೊಂದು ಹೀಗೇ ಒಳಗೆಲ್ಲ ಬೆಳ್ಳಗಾಯಿತು. ಕೊಳೆ ಅಂತ ಎಷ್ಟೋ ತಿಕ್ಕಿದೆ. ತೇವ ಗಾಜನ್ನೇ ತಿಂದಿತ್ತು.

ಬಿರಡೆಯ ನಂಬರ್ ಕಂಡರೆ ಒಂದು ಕಾರ್ಡ್ ಹಾಕಿ. ನನಗೂ ಕುತೂಹಲ.
– ಸಂ.