ಮೋಡವಿದ್ದ ರಾತ್ರಿ ಚಳಿ ಕಡಿಮೆ ಯಾಕೆ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಆಕಾಶ ತಿಳಿಯಾಗಿದ್ದರೆ ನಮ್ಮಲ್ಲಿ ಬೆಳಗಿನ ಜಾವ ನಡುಗುವಷ್ಟು ಚಳಿ. ಮೋಡ ಕವಿದಿದ್ದರೆ ಅಷ್ಟಿಲ್ಲ. ಮೋಡಕ್ಕೂ ಚಳಿಗೂ ಏನು ಸಂಬಂಧ?
– ಓದುಗರು, ತೀರ್ಥಹಳ್ಳಿ

ಉತ್ತರ: ಅಡಿಕೆ ಕೊಯ್ಲಿನ ದಿನಗಳಲ್ಲಿ ಬೇಗ ಎದ್ದು ಅಂಗಳಕ್ಕೆ ಬರುವವರಿಗೆ ಇದು ಚೆನ್ನಾಗಿ ಗೊತ್ತು, ಅಲ್ವಾ? ಹಗಲು ಬಿಸಿಲಿಗೆ ಕಾದ ನೆಲ ರಾತ್ರಿ ಆ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಮೇಲಕ್ಕೆ ಬಿಡುತ್ತದೆ. ಮೋಡವಿದ್ದರೆ ಅದನ್ನು ಹೀರಿಕೊಂಡು ಒಂದಷ್ಟನ್ನು ಮತ್ತೆ ನೆಲಕ್ಕೇ ಕಳಿಸುತ್ತದೆ. ಕಂಬಳಿ ಹೊದ್ದ ಹಾಗೆ.

ಮೋಡವಿಲ್ಲದಾಗಲೂ ನಮಗೊಂದು ತೆಳು ಹೊದಿಕೆ ಇದ್ದೇ ಇರುತ್ತದೆ. ಒಣ ಗಾಳಿಯಲ್ಲಿ ಶೇ. 78ರಷ್ಟು ನೈಟ್ರೋಜನ್, ಶೇ. 21ರಷ್ಟು ಆಕ್ಸಿಜನ್. ಇವು ಶಾಖ ಹಿಡಿಯುವುದಿಲ್ಲ. ಹಿಡಿಯುವುದು ನೀರಾವಿ, ಮತ್ತೆ ಬರೀ ಶೇ. 0.04ರಷ್ಟಿರುವ ಕಾರ್ಬನ್ ಡೈಆಕ್ಸೈಡ್. ನನಗೆ ಈಗಲೂ ಅಚ್ಚರಿ ಎನಿಸುವುದು ಇದೇ: ಇಷ್ಟು ಚೂರು ಅನಿಲಗಳು ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣಾಂಶ ಈಗಿನ ಸುಮಾರು 15 ಡಿಗ್ರಿ ಸೆಲ್ಸಿಯಸ್ ಬದಲು ಮೈನಸ್ 18ರ ಆಸುಪಾಸಿನಲ್ಲಿ ಇರುತ್ತಿತ್ತು, ಆಗ ತುಂಗೆ ಹರಿಯುವುದೂ ಇಲ್ಲ, ಆಗುಂಬೆಯಲ್ಲಿ ಮಳೆಯೂ ಇಲ್ಲ, ಎಲ್ಲಾ ಹಿಮಗಡ್ಡೆ.

ಚಂದ್ರನನ್ನೇ ನೋಡಿ. ಸೂರ್ಯನಿಂದ ಹೆಚ್ಚುಕಮ್ಮಿ ನಮ್ಮಷ್ಟೇ ದೂರ, ಸುಮಾರು 15 ಕೋಟಿ ಕಿ.ಮೀ. ಆದರೆ ಹೊದಿಕೆಯಿಲ್ಲ, ಹಗಲು ರಾತ್ರಿ ಒಂದೊಂದೂ ಎರಡು ವಾರದಷ್ಟು ಉದ್ದ. ಅದಕ್ಕೇ ಅಲ್ಲಿ ನಡುಹಗಲು 120 ಡಿಗ್ರಿ ಮುಟ್ಟಿದರೆ ರಾತ್ರಿ ಮೈನಸ್ 130ಕ್ಕೂ ಕೆಳಗೆ ಇಳಿಯುತ್ತದೆ.

ಹೊದಿಕೆ ಜಾಸ್ತಿಯಾದರೂ ಕಷ್ಟ. ಶುಕ್ರಗ್ರಹದಲ್ಲಿ ಗಾಳಿಯೆಲ್ಲ ಬಹುಪಾಲು ಕಾರ್ಬನ್ ಡೈಆಕ್ಸೈಡೇ. ಅಲ್ಲಿನ ನೆಲ 460 ಡಿಗ್ರಿಯಷ್ಟು ಕಾದಿರುತ್ತದೆ, ಸೀಸ ಕರಗುವಷ್ಟು.